ಜವಳಿ ಅಂಗಡಿಯ ಬಳ್ಳಿ

“ಗುರುಗಳೇ, ಹೊಸದಾಗಿ ಬಂದವರಲ್ಲಿ ಒಬ್ಬನು ಪಾಠದ ನಡುವೆ ಅಡ್ಡಪ್ರಶ್ನೆ ಹಾಕುತ್ತಿದ್ದ. ಹಾಕಿದಾಗಲೆಲ್ಲ ಬಾಯಿ ಮುಚ್ಚಿಸಿದೆ. ಈಗ ಅವನು ಪ್ರಶ್ನೆ ಕೇಳುವುದಿಲ್ಲ, ಕಲಿಯುವುದೂ ಇಲ್ಲ. ಊರಿಗೆ ಕಳಿಸಿಬಿಡಲೇ?” ಎಂದು ಪಾಠ ಹೇಳುವ ಹೊಣೆ ಹೊತ್ತಿದ್ದ ಹಿರಿಯ ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ಊರಿನ ಇಡೀ ರೇಷ್ಮೆ ವ್ಯಾಪಾರ ಒಮ್ಮೆ ಒಂದು ಕುಂಡದ ಮೇಲೆ ನಿಂತಿತ್ತು. ದೂರದೇಶದ ರೇಷ್ಮೆಗಾರನೊಬ್ಬನು ಅಲ್ಲಿಯ ಜವಳಿ ವ್ಯಾಪಾರಿಗೆ ಒಂದು ಬಳ್ಳಿ ಕೊಟ್ಟನು.

“ಸಾಹುಕಾರರೇ, ಇದು ಮಳೆಕಾಡಿನದು. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವಂಥದ್ದು. ಸುಡುಬಿಸಿಲಿಗೆ ಇಡಬೇಡಿ, ಮಣ್ಣು ಒಣಗದೆ ನೀರು ಸುರಿಯಬೇಡಿ, ಹತ್ತಲು ಒಂದು ಕೋಲು ಕೊಡಿ. ಮುಂದಿನ ವರ್ಷ ನಾನು ಬರುವಷ್ಟರಲ್ಲಿ ಇದು ಸೂರಿನ ತೊಲೆ ಮುಟ್ಟಿದ್ದರೆ, ಈ ಊರಿನಲ್ಲಿ ನನ್ನ ರೇಷ್ಮೆ ನಿಮ್ಮ ಅಂಗಡಿಗೆ ಮಾತ್ರ. ಎಲೆಯನ್ನು ಕಾಪಾಡಿದ ಕೈ ರೇಷ್ಮೆಯನ್ನೂ ಕಾಪಾಡುತ್ತದೆ.”

ವ್ಯಾಪಾರಿ ಕರಾರಿನ ಮನುಷ್ಯ. ಹೇಳಿದಂತೆಯೇ ಮಾಡಿದನು. ಹತ್ತಲು ತನ್ನ ಹಳೆಯ ಗಜಕೋಲನ್ನೇ ಕುಂಡದಲ್ಲಿ ನೆಟ್ಟು, ಅದರ ತುದಿಯಿಂದ ತೊಲೆಯವರೆಗೆ ಹಗ್ಗ ಕಟ್ಟಿದನು. ಬಳ್ಳಿ ಚುರುಕಾಗಿ ಏರಿತು.

ಒಂದು ಬೆಳಿಗ್ಗೆ ಹೊಸ ಎಲೆಯಲ್ಲಿ ತೂತುಗಳು ಕಂಡವು. ಬಟ್ಟೆಯ ಥಾನು ಬಿಚ್ಚಿ ಬೆಳಕಿಗೆ ಹಿಡಿದು ತೂತು ಹುಡುಕುವುದರಲ್ಲಿಯೇ ಅವನ ಜನ್ಮ ಸವೆದಿತ್ತು. ಅವನ ಅಂಗಡಿಯಲ್ಲಿ ತೂತು ಬಿದ್ದ ಸರಕು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಕತ್ತರಿ ತೆಗೆದು ಎಲೆಯನ್ನು ಬುಡಕ್ಕೆ ಕತ್ತರಿಸಿದನು. ಇಲಿಯ ಕೆಲಸವೆಂದು ಬೆಕ್ಕು ತಂದನು. ಮುಂದಿನ ಎಲೆಯಲ್ಲಿಯೂ ತೂತು. ಎದುರಂಗಡಿಯವನ ಕಿತಾಪತಿ ಎಂದು ಅವನೊಡನೆ ಮಾತು ಬಿಟ್ಟನು. ಅದರ ಮುಂದಿನದರಲ್ಲಿಯೂ ತೂತು. ಬೆಕ್ಕು ಕೊಬ್ಬಿತು, ಎದುರಂಗಡಿಯವನು ತಲೆ ಕೆರೆದುಕೊಂಡನು, ಕತ್ತರಿಗೆ ಮಾತ್ರ ಬಿಡುವಿರಲಿಲ್ಲ.

ಕೊನೆಗೆ ಬಳ್ಳಿ ಸೊರಗಿ ಚಿಕ್ಕ ಚಿಕ್ಕ ಎಲೆ ಬಿಟ್ಟಿತು. ಒಂದರಲ್ಲಿಯೂ ತೂತಿಲ್ಲ. ಸರಕು ಸುಧಾರಿಸಿತೆಂದು ವ್ಯಾಪಾರಿ ಹಿಗ್ಗಿದನು. ಆದರೆ ಬಳ್ಳಿ ಗಜಕೋಲಿನ ಅರ್ಧಕ್ಕೇ ನಿಂತಿತ್ತು. ತೊಲೆ ದೂರವೇ ಉಳಿಯಿತು.

ಅಷ್ಟರಲ್ಲಿ ಹಬ್ಬದ ಖರೀದಿಗೆಂದು ಅವನು ಬಳ್ಳಿಯನ್ನು ಹೆಂಡತಿಗೆ ಒಪ್ಪಿಸಿ ಕೆಲವು ತಿಂಗಳು ಊರು ಬಿಟ್ಟನು. ತಿರುಗಿ ಬಂದಾಗ ಬಳ್ಳಿ ಗಜಕೋಲು ದಾಟಿ ಹಗ್ಗ ಹಿಡಿದಿತ್ತು. ಮೇಲಿನ ಎಲೆಗಳು ಮೊರದಷ್ಟು ಅಗಲ, ಎಲ್ಲವೂ ತೂತು. ಚೀಲ ಇಳಿಸುವ ಮೊದಲೇ ಕತ್ತರಿಗೆ ಕೈ ಹಾಕಿದನು.

ಹೆಂಡತಿ ಕತ್ತರಿಯನ್ನು ಕಸಿದುಕೊಂಡಳು. “ಈ ಎಲೆ ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ. ಸುರುಳಿಯ ಒಳಗೇ ತೂತಿತ್ತು. ಯಾವ ಇಲಿ ಅಷ್ಟು ಒಳಗೆ ಹೋಗುತ್ತದೆ? ನೀವು ಸೊಳ್ಳೆ ಪರದೆ ಮಾರುತ್ತೀರಲ್ಲ, ಅದರ ತೂತುಗಳನ್ನೂ ಹೊಲಿದು ಕೊಡುತ್ತೀರಾ?”

ವ್ಯಾಪಾರಿ ಅಭ್ಯಾಸ ಬಲದಿಂದ ಎಲೆಯನ್ನು ಬೆಳಕಿಗೆ ಹಿಡಿದನು. ಕಿಟಕಿಯ ಬೆಳಕು ತೂತುಗಳಿಂದ ಇಳಿದು ಕೆಳಗಿನ ಪುಟ್ಟ ಎಲೆಗಳ ಮೇಲೆ ಬಿದ್ದಿತು. ಬೆಳಕು ತಲುಪಿದ ಎಲೆಯ ಬುಡದಲ್ಲಿ ಹೊಸ ಚಿಗುರಿತ್ತು.

“ನೇಯ್ದವನು ಬೇಕೆಂದೇ ಬಿಟ್ಟ ತೂತು,” ಎಂದು ಗೊಣಗಿ, ಅದೇ ಕತ್ತರಿಯಿಂದ ಗಿರಾಕಿಗೆ ಬಟ್ಟೆ ಕತ್ತರಿಸಲು ಹೋದನು.

ರೇಷ್ಮೆಗಾರನು ಬಂದಾಗ ಬಳ್ಳಿ ತೊಲೆ ಮುಟ್ಟಿ, ಮುಂದೆ ದಾರಿ ಕಾಣದೆ ಪಕ್ಕಕ್ಕೆ ಹೊರಳಿತ್ತು. ವ್ಯಾಪಾರಿಯ ಲಾಭಕ್ಕೆ ಬಂದದ್ದು ಊರಿನ ರೇಷ್ಮೆಯೆಲ್ಲ, ಗಲ್ಲಾಪೆಟ್ಟಿಗೆಯ ಮೇಲೊಂದು ತಂಪು ನೆರಳು, ಕೊಬ್ಬಿದ ಬೆಕ್ಕು, ಮತ್ತು ಒಂದು ಡಬ್ಬಿ ಲಾಡು ಖರ್ಚಾದ ಮೇಲೆ ಎದುರಂಗಡಿಯವನ ಮಾತು.

ಶಿಷ್ಯನ ಮುಖ ಅರಳಿತು. “ತಿಳಿಯಿತು, ಗುರುಗಳೇ. ಅವನನ್ನು ಇಲ್ಲಿಯೇ ಉಳಿಸಿಕೊಳ್ಳುತ್ತೇನೆ” ಎಂದು ಏಳಹೊರಟನು.

“ಒಳ್ಳೆಯದು. ಅವನು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ನನಗೂ ಹೇಳಿ ಹೋಗು” ಎಂದರು ಗುರುಗಳು.

ಒಂದನ್ನೂ ಪೂರ್ತಿ ಕೇಳಿಸಿಕೊಂಡಿರದ ಶಿಷ್ಯನು ಮತ್ತೆ ಕುಳಿತನು.