ರಾಜಮಾತೆಯ ಮೂರು ಮಾತು

“ಕೇಳ್ರಪ್ಪೋ ಕೇಳಿ! ರಾಜಮಾತೆ ಆಡುವ ಮೂರು ಮಾತಿನ ಅರ್ಥ ಹೇಳಿದವರಿಗೆ ಬೇಡಿದ ವರ. ತಪ್ಪು ಹೇಳಿದವರಿಗೆ ಶಿರಚ್ಛೇದ!”

ಸಿರಿವಳ್ಳಿಯ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದವನು ಅರಸ ಮಲ್ಲಭೂಪ. ಅವನ ತಾಯಿಗೆ ಮುಪ್ಪಿನಲ್ಲಿ ಮರೆವು ಬಂದಿತ್ತು. ಅರಮನೆಯ ಮಾತನ್ನೆಲ್ಲ ಮರೆತು, ಯಾರಿಗೂ ತಿಳಿಯದ ಏನನ್ನೋ ಕೇಳುತ್ತಿದ್ದಳು. ಉತ್ತರ ಸಿಗದೆ ಅಳುತ್ತಿದ್ದಳು. ಆ ಅಳು ಅರಸನಿಗೆ ಸಹಿಸಲಾಗುತ್ತಿರಲಿಲ್ಲ.

ಆಸ್ಥಾನ ಪಂಡಿತ ಬಂದ. “ಕಾಶಿಗೆ ಹೊರಡಬೇಕಂತೆ,” ಎಂದ. ಪಲ್ಲಕ್ಕಿ ತಂದರು, ಮುದುಕಿ ಇನ್ನಷ್ಟು ಅತ್ತಳು. ಪಂಡಿತನ ತಲೆ ಹೋಯಿತು. ವರ್ತಕನ ಮಗನೊಬ್ಬ, “ಎಳ್ಳುಂಡೆ ಬೇಕಂತೆ,” ಎಂದ. ತಟ್ಟೆಯನ್ನೇ ತಳ್ಳಿದಳು. ಅವನ ಕತೆಯೂ ಮುಗಿಯಿತು.

ಕುಂಬಾರರ ಮಾಳಿಂಗ ಗುರುಕುಲದಲ್ಲಿ ಕಲಿತದ್ದು ವಿಚಿತ್ರ ವಿದ್ಯೆ: ಜನ ಮಾತನ್ನು ಹೇಗೆ ಕಲಿಯುತ್ತಾರೆ, ಹೇಗೆ ಕಳೆದುಕೊಳ್ಳುತ್ತಾರೆ, ಅಂಥವರಿಗೆ ಹೇಗೆ ನೆರವಾಗಬಹುದು ಎಂಬುದು.

“ಮಾತು ಕಲಿಯೋಕೂ ಗುರುಗಳು ಬೇಕೇನೋ? ನಿನ್ನ ಓದಿಗೆ ಕತ್ತೆ ಮಾರಿ ಈಗ ಮಣ್ಣು ನಾನೇ ಹೊರ್ತಾ ಇದೀನಿ,” ಎಂದು ಅಪ್ಪ ಹಂಗಿಸುತ್ತಿದ್ದ. ಮಗ ಅರಮನೆಗೆ ಹೊರಟಾಗ ಮಾತ್ರ ಕೈ ಹಿಡಿದುಕೊಂಡ. “ಬೇಡ ಮಗಾ. ಕತ್ತೆ ಹೋದ್ರೆ ಹೋಗ್ಲಿ, ತಲೆ ಉಳಿಸ್ಕೊ.”

ಅರಸ ಒಗಟು ಹೇಳಿದ: “ಬೆಳಿಗ್ಗೆ ಬಾಗಿಲಿನತ್ತ ಕೈಮಾಡಿ ಒಂದು ಕೇಳ್ತಾಳೆ. ತುತ್ತನ್ನು ಬಾಯಿಗೆ ಇಡದೆ ಒಂದು ಕೇಳ್ತಾಳೆ. ದೀಪ ಹಚ್ಚುವ ಹೊತ್ತಿಗೆ ನನ್ನ ಉತ್ತರೀಯ ಹಿಡಿದು ಒಂದು ಕೇಳ್ತಾಳೆ. ಏನವು?”

“ಊಹೆ ಹೇಳಲಾರೆ ಪ್ರಭು. ಅವರ ಹತ್ತಿರ ಕೂತು ಕಲೀಬೇಕು.”

“ಹುಣ್ಣಿಮೆಯವರೆಗೆ ಕಾಯ್ತೀನಿ. ಆಮೇಲೆ ಕತ್ತಿ.”

ಮಾಳಿಂಗ ನೀರು ತೋರಿಸಿ ಹೆಸರು ಕೇಳಿದ, ಉಪ್ಪು ತೋರಿಸಿ ಕೇಳಿದ. ತಪ್ಪು ನುಡಿದಾಗ ಮುದುಕಿ ಗದರಿದಳು, ತಿದ್ದಿದಳು, ಒಮ್ಮೆ ನಕ್ಕೂಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಅವಳ ಮಾತಿಗೆ ಮರುಮಾತು ಸಿಕ್ಕಿತ್ತು.

ಹುಣ್ಣಿಮೆಯ ದಿನ ಮಾಳಿಂಗ ತಲೆತಗ್ಗಿಸಿ ನಿಂತ. “ಪ್ರಭು, ಇದು ಅವರು ಹುಟ್ಟಿದ ಬೆಟ್ಟದ ಮಾತು. ಮೊದಲನೆಯದು, ‘ಆಡುಗಳನ್ನ ಹೊರಗೆ ಬಿಟ್ರಾ?’ ಎರಡನೆಯದು, ‘ತಂಗಿ ಉಂಡಳಾ?’”

“ಸುಳ್ಳಾದರೆ?”

ಮಾಳಿಂಗ ತುತ್ತು ಹಿಡಿದು ಕೂತಿದ್ದ ಮುದುಕಿಯ ಕಡೆ ತಿರುಗಿ, ಅವಳದೇ ಮಾತಿನಲ್ಲಿ, ತಂಗಿ ಉಂಡಳು ಎಂದ. ಅವಳು ನೆಮ್ಮದಿಯಿಂದ ತುತ್ತು ಬಾಯಿಗಿಟ್ಟಳು.

“ಮೂರನೆಯದು?” ಎಂದ ಅರಸ.

“‘ಅವ್ವ ಯಾವಾಗ ಬರ್ತಾಳೆ?’”

ಅರಸ ತಾಯಿಯ ಕಾಲ ಬಳಿ ಕೂತ. “ನನ್ನ ತೊಟ್ಟಿಲ ಹತ್ತಿರವೂ ಈ ಮಾತು ಆಡಲಿಲ್ಲವಲ್ಲ!”

“ಮದುವೆಯಾಗಿ ಬಂದಾಗ ಅವರಿನ್ನೂ ಎಳೆ ಹುಡುಗಿಯಾಗಿದ್ದರಂತೆ ಪ್ರಭು. ಈ ಮಾತು ಆಡಿದರೆ ನಾಲಗೆ ಕತ್ತರಿಸ್ತೀವಿ ಅಂದಿದ್ದರಂತೆ ನಿಮ್ಮ ಅಜ್ಜ.”

ಅಂದು ಸಂಜೆ ತಾಯಿ ಉತ್ತರೀಯ ಹಿಡಿದಾಗ, ‘ನಾಳೆ ಬರ್ತಾಳೆ’ ಎಂಬುದನ್ನು ಅರಸ ಮಾಳಿಂಗ ಕಲಿಸಿದಂತೆ ತೊದಲುತ್ತಾ ಹೇಳಿದ. ಅವಳು ಮಗುವನ್ನು ತಿದ್ದುವಂತೆ ತಿದ್ದಿದಳು. ಅವನು ಮತ್ತೆ ಹೇಳಿದ. ಅವಳು ಅವನ ಕೆನ್ನೆ ಸವರಿ ಮಲಗಿದಳು; ಬೆಳಿಗ್ಗೆ ಏಳಲಿಲ್ಲ.

ಮಾಳಿಂಗ ಬೇಡಿದಂತೆ ತಲೆ ಹೋದವರ ಮನೆಗಳಿಗೆ ಭೂಮಿ ಸಿಕ್ಕಿತು, ಬೆಟ್ಟದ ಮಾತಿನ ಮೇಲೆ ಅಜ್ಜ ಹಾಕಿದ್ದ ಕಟ್ಟಳೆ ರದ್ದಾಯಿತು. ಅಪ್ಪನಿಗೆಂದು ಒಂದು ಕತ್ತೆಯನ್ನೂ ಕೇಳಿಕೊಂಡ. ಅವನು ಕತ್ತೆ ಹಿಡಿದು ಹೊರಟಾಗ ಅರಸ ಹೆಬ್ಬಾಗಿಲವರೆಗೆ ಹಿಂದೆಯೇ ಬಂದ.

“ಇನ್ನೊಂದು ಮಾತು ಕಲಿಸಿ ಹೋಗಪ್ಪ.”

“ಯಾವುದು ಪ್ರಭು?”

“ಅವಳ ಮೂರನೆಯ ಮಾತು,” ಎಂದ ಅರಸ. “ಇನ್ನು ಅದನ್ನ ಕೇಳಬೇಕಾದವನು ನಾನು.”