ಎದ್ದು ಬಂದ ಬಾವಿ

ಕೆಂಬಂಡೆಗೆ ಬಂದವರು ಮೊದಲು ನಮ್ಮೂರ ಬಾವಿ ನೋಡಬೇಕು, ಊಟ ಆಮೇಲೆ. ಗುಡ್ಡದ ಬುಡದ ಹಾಸುಬಂಡೆಯ ನಟ್ಟನಡುವೆ, ಹಾರೆ ತಾಗಿದ ಗುರುತೇ ಇಲ್ಲದೆ, ಅದು ಬಾಯಿ ತೆರೆದು ಕೂತಿದೆ. ಸುತ್ತಲಿನ ಊರುಗಳ ಬಾವಿಗಳೆಲ್ಲ ಬೇಸಿಗೆಯಲ್ಲಿ ತಳ ತೋರಿಸಿದರೂ ನಮ್ಮದರ ನೀರು ಗೇಣು ಇಳಿಯುವುದಿಲ್ಲ. ಕಾಶಿಗೆ ಹೋಗಿ ಬಂದವರು ಕೂಡ ಇಲ್ಲಿ ಕಣ್ಣು ತೊಳೆಸಿಕೊಂಡು, ಅಷ್ಟು ದೂರ ಸುಮ್ಮನೆ ನಡೆದೆವಲ್ಲ ಎಂದು ಹಣೆ ಬಡಿದುಕೊಂಡಿದ್ದಾರೆ, ನಾನೇ ಕಂಡಿದ್ದೇನೆ. ಬೇರೆ ಊರಿನವರು ಬೆವರು ಸುರಿಸಿ ಬಾವಿ ತೋಡಿಕೊಂಡರು. ನಮ್ಮದು ತಾನಾಗಿ ಎದ್ದು ಬಂತು. ಹೆಸರೂ ಅದೇ, ಎದ್ದು ಬಂದ ಬಾವಿ. ನಂಬದವರಿಗೆ ಎದುರಿನ ಹಾಳು ವಾಡೆಯ ಒಣ ಗುಂಡಿಯನ್ನು ತೋರಿಸುತ್ತೇನೆ. ಬಾವಿ ಮೊದಲು ಇದ್ದದ್ದು ಅಲ್ಲಿ.

ಹಿಂದೆ ಒಮ್ಮೆ, ಆ ವಾಡೆ ಹುಟ್ಟುವ ಮೊದಲು, ಮೌನಯ್ಯನೆಂಬ ಶರಣ ಈ ದಾರಿಯಲ್ಲಿ ಬಂದನಂತೆ. ಬಾಯಾರಿದ ಕುರಿಯೊಂದಕ್ಕಾಗಿ ಬೆತ್ತದಿಂದ ನೆಲ ಮುಟ್ಟಿದ. ನೀರು ಎಷ್ಟು ಜೋರಾಗಿ ಚಿಮ್ಮಿತೆಂದರೆ ಮೇಲೆ ಹಾರುತ್ತಿದ್ದ ಹದ್ದು ತೊಯ್ದು ಕೆಳಗೆ ಬಿತ್ತು ಎನ್ನುತ್ತಾರೆ. ಆ ನೀರು ಕಣ್ಣಿನ ಬೇನೆಗೆ ಮದ್ದಾಯಿತು. ಹೋಗುವಾಗ ಶರಣ ಒಂದೇ ಕಟ್ಟಳೆ ಹಾಕಿದ: ಬೇನೆ ಇದ್ದವರು ತಾವೇ ಸೇದಿಕೊಳ್ಳಬಾರದು, ಇನ್ನೊಬ್ಬರು ಮನಸ್ಸಿನಿಂದ ಸೇದಿ ಎರೆಯಬೇಕು. ತನಗಾಗಿ ಸೇದಿದರೆ ಅದು ಬರೀ ನೀರು.

ಕಾಲಾನಂತರ ಗಿರಿಯಪ್ಪ ದೇಸಾಯಿ ಎಂಬವನು ಊರಾಳಿದ. ಅವನ ಕಣ್ಣಿಗೆ ಪೊರೆ ಕಟ್ಟತೊಡಗಿತು. ಊರವರೆಲ್ಲ ಬಳಸಿದರೆ ನೀರಿನ ಗುಣ ತನ್ನ ಪಾಲಿಗೆ ಉಳಿಯಲಾರದೆಂದು ಹೆದರಿ, ಬಾವಿಯನ್ನು ಒಳಗೆ ಸೇರಿಸಿ ವಾಡೆಯ ಗೋಡೆ ಎಬ್ಬಿಸಿ, ಆನೆ ಗುದ್ದಿದರೂ ಅಲುಗದ ಬಾಗಿಲು ಹಾಕಿಸಿದ. ಆಗ ಮಡಿವಾಳರ ಹುಲಿಗೆವ್ವನ ಮಗಳು ದ್ಯಾಮಿಯ ಹುಟ್ಟುಕುರುಡು ಕಣ್ಣಿನಲ್ಲಿ ಬೆಳಕು ಈಗಷ್ಟೇ ಇಣುಕುತ್ತಿತ್ತು. ತಾಯಿ ದಿನವೂ ನಸುಕಿಗೆ ಸೇದಿ ಎರೆಯುತ್ತಿದ್ದಳು. ವಾಡೆಯ ಬಾಗಿಲು ಮುಚ್ಚಿದ ಮೇಲೆ ಆ ಬೆಳಕೂ ಹಿಂದೆ ಸರಿಯತೊಡಗಿತು. ಹುಲಿಗೆವ್ವ ಕೊಡ ಹಿಡಿದು ವಾಡೆಯ ಮುಂದೆ ನಿಂತಳು.

"ಧಣೇರ, ಒಂದು ಕೊಡ ನೀರು ಬಿಡ್ರಿ. ಕೂಸಿನ ಕಣ್ಣು ಅರ್ಧ ತೆರೆದಾವ."

"ಗೋಡೆ ನಂದು, ಒಳಗಿನ ನೀರೂ ನಂದು. ಹೋಗು, ಹಳ್ಳದಾಗ ಅರಿಬಿ ಒಗಿ."

"ಗೋಡೆ ನಿಮ್ಮದ ಇರಬೇಕ್ರಿ. ಬಾವಿ ಮೌನಯ್ಯನದು. ಅದಕ್ಕ ಬ್ಯಾಸರ ಆದರ ನಿಮ್ಮ ಮಾತು ಕೇಳಾಂಗಿಲ್ಲ."

ಇತ್ತ ದೇಸಾಯಿ ಯಾರನ್ನೂ ನಂಬದೆ ಹಗ್ಗವನ್ನು ತಾನೇ ಜಗ್ಗಿ, ತಾನೇ ಸೇದಿ, ತಾನೇ ಕಣ್ಣಿಗೆ ಸುರಿದುಕೊಂಡ. ಪೊರೆ ಇನ್ನೂ ದಪ್ಪವಾಯಿತು. ಬಿಸಿ ಮಾಡಿದರೆ ಗುಣ ಕೊಟ್ಟೀತೆಂದು ಹಂಡೆಗೆ ತುಂಬಿ ಉರಿ ಹಾಕಿಸಿದ. ಒಂದು ಬಂಡಿ ಕಟ್ಟಿಗೆ ಬೂದಿಯಾಯಿತು, ಹಂಡೆಯ ತಳ ಕೆಂಡದಂತೆ ಕೆಂಪಾಯಿತು, ಒಳಗಿನ ನೀರು ಮಾತ್ರ ಕೈ ಜುಮ್ಮೆನ್ನುವಷ್ಟು ತಣ್ಣಗೇ ಇತ್ತು. ಉರಿ ಹಾಕುತ್ತಿದ್ದವನು ನಮ್ಮ ವಂಶದ ಹಿರಿಯ. ಆ ಬಿಸಿಗೆ ಸುಟ್ಟ ಅವನ ಎಡಮೀಸೆ ಮತ್ತೆ ಚಿಗುರಲಿಲ್ಲ. ನಮ್ಮ ಮನೆಯ ಗಂಡಸರಿಗೆ ಇಂದಿಗೂ ಎಡಮೀಸೆ ತೆಳುವು.

ಹುಲಿಗೆವ್ವ ಮಗಳ ಕೈ ಹಿಡಿದು ಗುಡ್ಡದ ಬುಡದ ಈ ಹಾಸುಬಂಡೆಗೆ ಬಂದು ಖಾಲಿ ಕೊಡ ಇಟ್ಟು ಕೂತಳು. ವಾಡೆಯ ಕಡೆ ಮುಖ ಮಾಡಿ, ಊರಿಗೆಲ್ಲ ಕೇಳುವಂತೆ ಬಾವಿಯನ್ನು ಕೂಗಿದಳು: "ನನಗ ಒಳಗ ಬರಾಕ ಬಾಗಿಲ ಅಡ್ಡ ಐತಿ. ನಿನಗ ಹೊರಗ ಬರಾಕ ಏನು ಧಾಡಿ?"

ರಾತ್ರಿ ಕದ್ದು ಓಡಿಹೋಗುವ ಬಾವಿ ನಮ್ಮದಲ್ಲ. ಸುಡುಸುಡು ಮಧ್ಯಾಹ್ನ, ಊರೆಲ್ಲ ನೋಡುತ್ತಿದ್ದಂತೆ, ನೆಲ ಗುಡುಗಿ ವಾಡೆಯ ಗೋಡೆ ಬಾಯಿ ಬಿಟ್ಟಿತು. ಆ ಸಂದಿಯಿಂದ ಬಾವಿ ತನ್ನ ನೀರು, ಆಳ, ನೆರಳು ಎಲ್ಲವನ್ನೂ ಹೊತ್ತುಕೊಂಡು ಗಬ್ಬದ ಎಮ್ಮೆಯ ಹಾಗೆ ನಿಧಾನಕ್ಕೆ ಹೊರಬಂತು. ಒಂದು ಹನಿಯೂ ತುಳುಕಲಿಲ್ಲ. ಮೀನುಗಳು ಒಳಗೇ ಕೂತು ತಲೆ ಎತ್ತಿ ಊರು ನೋಡುತ್ತ ಬಂದವು. ಬಂಡೆ ಬೆಣ್ಣೆಯಂತೆ ಜಾಗ ಬಿಟ್ಟಿತು. ಬಾವಿ ಹುಲಿಗೆವ್ವನ ಕೊಡದ ಪಕ್ಕ ಕೂತಿತು. ಅವಳು ಹೆದರಲಿಲ್ಲ. ಸೇದಿದಳು, ಎರೆದಳು. ದ್ಯಾಮಿ ರೆಪ್ಪೆ ಬಡಿದು ತಾಯಿಯ ಮುಖವನ್ನೇ ನೋಡಿದಳು.

"ಯವ್ವಾ, ನಿನ್ನ ಮೂಗುತಿ ಇಷ್ಟ ಸಣ್ಣದೇನ? ನೀ ಹೇಳೂದು ಕೇಳಿ ಕುಂಬಳಕಾಯಿಯಷ್ಟು ಐತಿ ಅಂದ್ಕೊಂಡಿದ್ದೆ!"

ಊರು ನಕ್ಕ ನಗುವಿಗೆ ಗುಡ್ಡದ ಮೇಲಿನ ಕಲ್ಲುಗಳು ಉರುಳಿದವಂತೆ. ಆ ನಗು ನಿಂತದ್ದು, ದೇಸಾಯಿ ಕೋಲೂರಿ ತಡವರಿಸುತ್ತ ಬಂದಾಗ. ಪೇಟ ಬಿದ್ದುಹೋಗಿತ್ತು. ಬಾವಿಯ ಅಂಚಿಗೆ ಬಂದು ಹಗ್ಗಕ್ಕೆ ಕೈ ಚಾಚಿದವನು ಕಟ್ಟಳೆ ನೆನೆದು ಕೈ ಹಿಂದೆ ತೆಗೆದ. ಇನ್ನು ಬೇರೆ ಯಾರಾದರೂ ಸೇದಬೇಕು. ಯಾರೂ ಮುಂದೆ ಬರಲಿಲ್ಲ. ಹುಲಿಗೆವ್ವ ಕೂಡ ಮುಖ ತಿರುಗಿಸಿದಳು. ಆಗ ದ್ಯಾಮಿ ಎದ್ದಳು. ಧಣಿ ಯಾರು, ಆಳು ಯಾರು ಎಂದು ಅವಳ ಹೊಸ ಕಣ್ಣಿಗೆ ಇನ್ನೂ ತಿಳಿಯದು. ಕಣ್ಣು ಕಾಣದ ಒಬ್ಬ ಮುದುಕನನ್ನಷ್ಟೇ ಅವಳು ಕಂಡದ್ದು. ಕೊಡ ತುಂಬಿ ಎತ್ತಿಕೊಂಡಳು. ಅವನು ಎತ್ತರದ ಮನುಷ್ಯ, ಅವಳ ಕೈ ಎಟುಕಲಿಲ್ಲ.

"ಬಾಗು," ಎಂದಳು.

ಯಾರ ಮುಂದೆಯೂ ಬಾಗದ ದೇಸಾಯಿ ಬಾಗಿದ. ಪೊರೆ ಸರಿದಾಗ ಅವನಿಗೆ ಮೊದಲು ಕಂಡದ್ದು ಒದ್ದೆ ಕೈಯ ಆ ಹುಡುಗಿ. ಆಮೇಲೆ ಕಂಡದ್ದು ತನ್ನದೇ ಗೋಡೆ. ನಾಚಿ, ಅದರ ಕಲ್ಲುಗಳನ್ನು ತಾನೇ ಹೊತ್ತು ತಂದು ಬಾವಿಗೆ ಮೆಟ್ಟಿಲು ಕಟ್ಟಿದ ಎನ್ನುತ್ತಾರೆ.

ಆ ಮೆಟ್ಟಿಲ ಮೇಲೆ ಇಂದಿಗೂ ಬೇನೆಯವರು ಕೂತಿರುತ್ತಾರೆ. ಹಗ್ಗ ಮುಂದೆಯೇ ಬಿದ್ದಿದ್ದರೂ ಯಾರೂ ಮುಟ್ಟುವುದಿಲ್ಲ. ಗುರುತಿಲ್ಲದ ಯಾರೋ ದಾರಿಹೋಕರು ಬಂದು ಸೇದುತ್ತಾರೆ. ವಾಡೆಯಿಂದ ಇಲ್ಲಿಯವರೆಗೆ ಬಂಡೆಯ ಮೇಲೆ ಬಾವಿ ನಡೆದು ಬಂದ ಅಗಲವಾದ ಜಾಡು ಇದೆ. ಮಳೆ ಬಂದರೆ ಅದರಲ್ಲಿ ನೀರು ನಿಂತು ಹೊಳೆಯುತ್ತದೆ. ದೊಡ್ಡ ದೊಡ್ಡ ಸಾಹೇಬರು ಜೀಪು ಇಳಿದು ಬಂದು ಇಲ್ಲಿ ಸರದಿ ಕಾದದ್ದನ್ನು ನೋಡಿದ್ದೇನೆ. ಅವರಿಗೆ ನೀರೆರೆದದ್ದು ಕುರಿ ಕಾಯುವ ಮುದುಕಿ. ನಮಸ್ಕಾರ ಹೇಳಲಿಲ್ಲ, ಹೆಸರು ಕೇಳಲಿಲ್ಲ. ಕೊಡ ಎತ್ತಿ ಹಿಡಿದು, ಈ ಬಾವಿಯ ಬಳಿ ಎಲ್ಲರಿಗೂ ಹೇಳುವ ಆ ಒಂದೇ ಮಾತು ಹೇಳಿದಳು: "ಬಾಗು."