ಓಲೆಯೊಳಗಿನ ಮನುಷ್ಯ

ಓಲೆ ತಂದವನೇ ನಿಂತು ಅದನ್ನು ಸಭೆಗೆ ಓದಿ ಹೇಳಬೇಕು. ಏಸುಭಕ್ತರು ಇನ್ನೂ ಯಾರದೋ ಮನೆಯ ಪಡಸಾಲೆಯಲ್ಲಿ ಸಭೆ ಸೇರುತ್ತಿದ್ದ ಕಾಲದ ಪದ್ಧತಿ ಅದು.

ಗುರು ಥಿಯೋನರು ಹೇಳಿದ್ದನ್ನು ಬರೆದುಕೊಂಡು, ಹೊಳೆಯಾಚೆಯ ಊರಿನಲ್ಲಿ ಓದಿ ಬಂದ ಶಿಷ್ಯ ನೀಕಾನ. ಬಂದವನು ಕಾಲು ಕೂಡ ತೊಳೆಯಲಿಲ್ಲ.

“ಗುರುಗಳೇ, ಓಲೆಯಲ್ಲಿ ನಿಮ್ಮ ಜೊತೆ ವಾದ ಮಾಡುತ್ತಾನಲ್ಲ, ಆ ಮನುಷ್ಯ ಯಾರು?”

“ಯಾವನಪ್ಪಾ?”

“‘ನಿನ್ನೆ ಬಂದವನಿಗೂ ದೇವರು ನನ್ನಷ್ಟೇ ಕೊಡುವುದಾದರೆ, ಇಷ್ಟು ವರ್ಷ ಸೇವೆ ಮಾಡಿದ ನಾನು ಪೆದ್ದನೇ?’ ಅಂತ ನಡುವೆ ಕೇಳುತ್ತಾನೆ. ‘ಅಯ್ಯಾ, ನಿನ್ನ ತಟ್ಟೆ ತುಂಬಿರುವಾಗ ಪಕ್ಕದವನ ತಟ್ಟೆ ಯಾಕೆ ನೋಡುತ್ತೀ?’ ಅಂತ ನೀವು ಉತ್ತರ ಕೊಡುತ್ತೀರಿ.”

“ಹಾಗೆ ಒಬ್ಬನನ್ನು ಎದುರಿಗಿದ್ದಾನೆ ಅಂದುಕೊಂಡು ಬರೆಯುವುದು ಹಳೆಯ ಜಾಣರ ಕ್ರಮ. ಈಗೇನಾಯಿತು?”

ನೀಕಾನ ತಲೆ ತಗ್ಗಿಸಿದ.

“ಪ್ರಶ್ನೆ ಓದುವಾಗ ದನಿ ಬದಲಿಸಿದೆ. ಉತ್ತರ ಓದುವಾಗ ಯಾರನ್ನಾದರೂ ನೋಡಬೇಕಲ್ಲ. ಎದುರಿಗೆ ಬಟ್ಟೆಗೆ ಬಣ್ಣ ಹಾಕುವ ಹೆರ್ಮಿಯ ಕೂತಿದ್ದ. ಅವನ ಮುಖ ನೋಡಿದೆ. ಸಭೆಯೆಲ್ಲ ತಿರುಗಿ ಅವನನ್ನೇ ನೋಡಿತು.”

“ಆಮೇಲೆ?”

“ಎದ್ದು ಹೋದ. ಮೂರು ವಾರ ಅಲ್ಲೇ ಕಾದೆ, ಸಭೆಯ ಕಡೆ ತಲೆ ಹಾಕಲಿಲ್ಲ. ಮನೆಗೆ ಹೋದರೆ, ‘ನಾನು ಯಾವತ್ತಾದರೂ ಹಾಗಂದೆನೇ?’ ಅಂತ ಅತ್ತ. ಪಾಪ, ಅಂದವನಲ್ಲ. ನನಗೆ ತಲೆಬುಡ ಅರ್ಥವಾಗುತ್ತಿಲ್ಲ. ಅವನಲ್ಲದಿದ್ದರೆ ಇನ್ಯಾರು? ಹೆಸರು ಹೇಳಿ. ನಾಳೆಯೇ ಹೋಗಿ ಸಭೆಗೆ ತಿಳಿಸಿ, ಹೆರ್ಮಿಯನನ್ನು ಕರೆತರುತ್ತೇನೆ.”

ಗುರುಗಳು ತಂಬಿಗೆ ತಂದು ಅವನ ಕಾಲಿಗೆ ನೀರು ಹಾಕಿದರು.

“ಆ ಪ್ರಶ್ನೆ ಬರೆಸುವಾಗ ನಿನ್ನ ಲೇಖನಿ ನಿಂತಿತು. ನೆನಪಿದೆಯೇ?”

“ಮಸಿ ಒಣಗಿತ್ತು.”

“ಆಗಷ್ಟೇ ನೀನು ಅದನ್ನು ಮಸಿಯಲ್ಲಿ ಅದ್ದಿದ್ದೆ.”

ಹನ್ನೆರಡು ವರ್ಷದಿಂದ ಗುರುಗಳ ಬಳಿ ಇದ್ದವನು ನೀಕಾನ. ಹೋದ ತಿಂಗಳು ಬಂದ ಹೊಸಬನನ್ನೂ ಗುರುಗಳು ತಮ್ಮ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ.

“ನಿಮಗೆ ಗೊತ್ತಿತ್ತೇ?” ಎಂದ, ನಾಚಿಕೆಯಿಂದ.

“ನಿನ್ನದು ಗೊತ್ತಿರಲಿಲ್ಲ. ನನ್ನೊಳಗೂ ಒಬ್ಬ ಅದನ್ನೇ ಕೇಳುತ್ತಿದ್ದ. ಅವನಿಗೆ ಬರೆದೆ.”

ನೀಕಾನನಿಗೆ ಗೊಂದಲ ಇನ್ನೂ ಹೆಚ್ಚಾಯಿತು. ಸಭೆಗೆ ಗುರುಗಳ ಹೆಸರು ಹೇಳುವುದೋ, ತನ್ನ ಹೆಸರೋ?

“ಹಾಗಾದರೆ ಸಭೆಗೆ ಏನು ಹೇಳಲಿ?”

“ಏನೂ ಹೇಳಬೇಡ. ಓಲೆಯನ್ನು ಹೆರ್ಮಿಯನ ಕೈಗೆ ಕೊಡು. ಅವನಿಗೆ ಓದಲು ಬರುತ್ತದೆ. ಈ ಸಲ ಅವನು ಓದಲಿ.”

“ನಾನು?”

“ನೀನು ಅವನ ಜಾಗದಲ್ಲಿ ಕೂತುಕೋ.”